ಕೊಡಗಿನಲ್ಲಿ ವಕೀಲರು ಮತ್ತು ಕಕ್ಷಿದಾರರು: ವೃತ್ತಿಧರ್ಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರದ ಕೋರ್ಟು ಆವರಣಗಳಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಕೇಳಿದವರ ಮಾತಿನಲ್ಲೇ ಕೊಟ್ಟಿದ್ದೇವೆ. ವಕೀಲರ ನಡತೆಗೆ ಆಧಾರವಾಗಿರುವುದು 1961ರ ವಕೀಲರ ಕಾಯ್ದೆ ಮತ್ತು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳ ಆರನೇ ಭಾಗದ ಎರಡನೇ ಅಧ್ಯಾಯ. ಕೆಳಗೆ ಬರೀ ‘ನಿಯಮ 20’ ಎಂದಿದ್ದರೆ ಆ ಅಧ್ಯಾಯದ ನಿಯಮ ಎಂದು ಓದಿಕೊಳ್ಳಿ.

ನಮ್ಮದು ಚಿಕ್ಕ ಜಿಲ್ಲೆ. ವಕೀಲರೂ ಪರಿಚಯದವರು, ಎದುರುದಾರರೂ ಪರಿಚಯದವರು. ಅದರಿಂದ ಎಲ್ಲವೂ ಬಾಯಿಮಾತಿನಲ್ಲೇ ಸಾಗುತ್ತದೆ, ಮುಂದೆ ಜಗಳ ಏಳುವುದೂ ಅಲ್ಲಿಂದಲೇ. ಬರವಣಿಗೆಯಲ್ಲಿ ಇಡಿ ಎಂದು ಕೆಳಗೆ ಹಲವು ಕಡೆ ಹೇಳಿರುವುದು ಈ ಕಾರಣಕ್ಕೆ.

## ವಕೀಲರನ್ನು ಹಿಡಿಯುವ ಮೊದಲು

ಕಪ್ಪು ಕೋಟು ಹಾಕಿದವರೆಲ್ಲ ವಕೀಲರೇನಾ? ತಿಳಿಯೋದು ಹೇಗೆ?

ಕಾನೂನು ಪದವಿ ಇದ್ದ ಮಾತ್ರಕ್ಕೆ ವಕೀಲರಾಗುವುದಿಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಸನ್ನದು ಪಡೆದಿರಬೇಕು. ಕರ್ನಾಟಕದಲ್ಲಿ ನೋಂದಣಿ ಸಂಖ್ಯೆ ‘ಕೆಎಆರ್’ ಎಂದು ಶುರುವಾಗಿ, ಕ್ರಮಸಂಖ್ಯೆ ಮತ್ತು ವರ್ಷದೊಂದಿಗೆ ಮುಗಿಯುತ್ತದೆ. ವಕಾಲತ್ತಿನಲ್ಲಿ (ವಕೀಲರಿಗೆ ನೀವು ಕೊಡುವ ಅಧಿಕಾರದ ಬರಹ) ವಕೀಲರ ಸಹಿಯ ಕೆಳಗೆ ಇದನ್ನು ಹುಡುಕಿ. ಕಾಣದಿದ್ದರೆ ಕೇಳಿ, ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಹಕ್ಕಿಲ್ಲದೆ ವಕೀಲಿ ನಡೆಸಿದರೆ ಕಾಯ್ದೆಯ 45ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಶಿಕ್ಷೆ ಇದೆ.

ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ‘ನಮ್ಮ ವಕೀಲರ ಹತ್ತಿರ ಕರೆದುಕೊಂಡು ಹೋಗ್ತೇನೆ’ ಎನ್ನುವ ದಲ್ಲಾಳಿಗಳ ಬಗ್ಗೆಯೂ ಎಚ್ಚರ ಇರಲಿ. 2023ರ ತಿದ್ದುಪಡಿಯಿಂದ ಸೇರಿದ 45ಎ ಕಲಮಿನಂತೆ ಹೈಕೋರ್ಟು, ಜಿಲ್ಲಾ ನ್ಯಾಯಾಧೀಶರು ಮುಂತಾದವರು ಇಂಥ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸಬಹುದು. ದಲ್ಲಾಳಿ ತರುವ ಕೇಸಿಗೆ ಕಮಿಷನ್ ಕೊಡುವ ವಕೀಲರೂ ತಪ್ಪಿತಸ್ಥರೇ. ಆ ಕಮಿಷನ್ ನೀವು ಕೊಡುವ ಫೀಸಿನಿಂದಲೇ ಹೋಗುತ್ತದೆ.

ವಕೀಲರು ನಮ್ಮ ಕೇಸು ಬೇಡ ಅಂದ್ರು. ಹಾಗೆ ಹೇಳಬಹುದಾ?

ತಾವು ವಕೀಲಿ ಮಾಡುವ ಕೋರ್ಟಿನ ಕೇಸನ್ನು, ತಮ್ಮ ಅನುಭವಕ್ಕೂ ಕೇಸಿನ ಸ್ವರೂಪಕ್ಕೂ ತಕ್ಕ ಫೀಸು ಸಿಗುವುದಾದರೆ, ಒಪ್ಪಿಕೊಳ್ಳಬೇಕು ಎನ್ನುತ್ತದೆ ನಿಯಮ 11. ವಿಶೇಷ ಕಾರಣ ಇದ್ದರೆ ನಿರಾಕರಿಸಬಹುದು. ಎದುರುದಾರರಿಗೆ ಮೊದಲೇ ಸಲಹೆ ಕೊಟ್ಟಿರುವುದು, ತಾವೇ ಸಾಕ್ಷಿಯಾಗಬೇಕಾಗಿರುವುದು ಇಂಥ ಕಾರಣಗಳು. ಆರೋಪಿಯ ಮೇಲೆ ಊರಿಗೆ ಸಿಟ್ಟಿದೆ ಎನ್ನುವುದು ಕಾರಣವಾಗದು. ‘ಇಂಥ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದು’ ಎಂದು ವಕೀಲರ ಸಂಘ ನಿರ್ಣಯ ಮಾಡಿದರೂ ಅದು ಶೂನ್ಯ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿದೆ.

ಫೀಸು ಕೊಡೋ ಶಕ್ತಿ ಇಲ್ಲ. ಬಿಟ್ಟಿ ವಕೀಲರು ಸರಿಯಾಗಿ ನಡೆಸ್ತಾರಾ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮನ್ನು ಕೊಡಗಿನ ಪ್ರತಿ ಲೈನ್‌ಮನೆಯಲ್ಲೂ (ತೋಟದ ಕಾರ್ಮಿಕರ ಸಾಲು ಮನೆ) ಓದಿ ಹೇಳಬೇಕು ಎನ್ನುವುದು ನಮ್ಮ ಆಸೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರು, ನೆರೆಯಂಥ ವಿಪತ್ತಿಗೆ ಸಿಕ್ಕವರು ಉಚಿತ ವಕೀಲರನ್ನು ಪಡೆಯಬಹುದು. ಇವರಿಗೆ ಆದಾಯದ ಮಿತಿ ಇಲ್ಲ. ಯರವ, ಜೇನುಕುರುಬ ಕುಟುಂಬಗಳಾಗಲಿ, ತೋಟದಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳಾಗಲಿ, 2018ರ ಆಗಸ್ಟಿನ ನೆರೆ ಮತ್ತು ಭೂಕುಸಿತದಲ್ಲಿ ಮನೆ ಕಳೆದುಕೊಂಡವರಾಗಲಿ ‘ನನ್ನ ಆದಾಯ ಇಷ್ಟೇ’ ಎಂದು ಸಾಬೀತು ಮಾಡುವ ಅಗತ್ಯವಿಲ್ಲ. ಉಳಿದವರಿಗೆ ರಾಜ್ಯ ಸರ್ಕಾರ ನಿಗದಿ ಮಾಡಿದ ಆದಾಯ ಮಿತಿ ಅನ್ವಯಿಸುತ್ತದೆ.

ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಸಮಿತಿಗೆ ಅರ್ಜಿ ಕೊಡಿ. ಉಚಿತ ಸಹಾಯವಾಣಿ 15100. ಪ್ಯಾನೆಲ್ ವಕೀಲರಿಗೆ ಪ್ರಾಧಿಕಾರವೇ ಸಂಭಾವನೆ ಕೊಡುತ್ತದೆ. ಅವರು ನಿಮ್ಮಿಂದ ಬೇರೆ ಫೀಸು ಕೇಳಿದರೆ ಅದು ದುರ್ನಡತೆ, ಅಂದೇ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಡಿ. ಫೀಸು ಇಲ್ಲ ಎಂದು ಶ್ರದ್ಧೆ ಕಡಿಮೆ ಮಾಡಲು ಯಾವ ನಿಯಮವೂ ಅವಕಾಶ ಕೊಡುವುದಿಲ್ಲ.

ವಕಾಲತ್ತಿಗೆ ಸಹಿ ಹಾಕುವಾಗ ಏನೇನು ನೋಡಬೇಕು?

ವಕಾಲತ್ತು ಎಂದರೆ ನಿಮ್ಮ ಪರವಾಗಿ ಕೋರ್ಟಿನಲ್ಲಿ ನಡೆದುಕೊಳ್ಳಲು ಕೊಡುವ ಅಧಿಕಾರ. ಕೋರ್ಟಿನ ಹೆಸರು, ಪಕ್ಷಕಾರರ ಹೆಸರು, ವಕೀಲರ ಹೆಸರು, ತಾರೀಖು ಇವೆಲ್ಲ ತುಂಬಿದ ಮೇಲೆ ಸಹಿ ಹಾಕಿ. ಖಾಲಿ ವಕಾಲತ್ತಿಗೆ, ಖಾಲಿ ಬಿಳಿ ಹಾಳೆಗೆ, ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಬೇಡ. ‘ಮಡಿಕೇರಿಗೆ ಪದೇ ಪದೇ ಬರೋದು ತಪ್ಪುತ್ತೆ’ ಎನ್ನುವ ಅನುಕೂಲಕ್ಕೆ ನಾಲ್ಕು ಖಾಲಿ ಹಾಳೆಗೆ ಸಹಿ ಮಾಡಿಕೊಟ್ಟವರು, ತಾವು ಕಂಡೇ ಇರದ ರಾಜಿ ಅರ್ಜಿಯ ಕೆಳಗೆ ತಮ್ಮ ಸಹಿ ನೋಡಬೇಕಾಗಿ ಬರುತ್ತದೆ.

ಅಚ್ಚಾದ ನಮೂನೆಯಲ್ಲಿ ‘ರಾಜಿ ಮಾಡಿಕೊಳ್ಳಲು, ಹಣ ಪಡೆಯಲು, ಕೇಸು ಹಿಂತೆಗೆಯಲು’ ಎಂಬ ಸಾಲುಗಳಿರುತ್ತವೆ. ಬೇಡವಾದದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ. ಮನೆಗೆ ಹೋಗುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಅಫಿಡವಿಟ್ ಇಂಗ್ಲಿಷಲ್ಲಿತ್ತು. ಸಹಿ ಹಾಕಿ ಅಂದ್ರು, ಹಾಕಿದೆ. ತಪ್ಪಾಯ್ತಾ?

ಅಫಿಡವಿಟ್ಟಿನಲ್ಲಿರುವುದು ನಿಮ್ಮ ಪ್ರಮಾಣ, ವಕೀಲರದ್ದಲ್ಲ. ಸುಳ್ಳು ಇದ್ದರೆ ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರ ಪ್ರಶ್ನೆಗಳಲ್ಲಿ, ಸಿಕ್ಕಿಬೀಳುವವರು ನೀವು. ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಮಲಯಾಳ ಮಾತ್ರ ಚೆನ್ನಾಗಿ ಬಲ್ಲ ಹಿರಿಯರಿಗೆ ಅದೇ ಭಾಷೆಯಲ್ಲಿ ಹೇಳಿಸಿ, ಹೀಗೆ ಓದಿ ಹೇಳಲಾಗಿದೆ ಎಂಬ ಸಾಲನ್ನೂ ಕೆಳಗೆ ಸೇರಿಸಬೇಕು. ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲೇ ದಾವೆ, ತಕರಾರು, ಅಫಿಡವಿಟ್ ಸಲ್ಲಿಸಲು ಅಡ್ಡಿಯಿಲ್ಲ. ಕನ್ನಡದಲ್ಲೇ ಬೇಕು ಎಂದು ಕೇಳಿ. ನೋಟರಿಯ ಮುಂದೆ ನೀವೇ ಹೋಗಿ ಸಹಿ ಮಾಡಬೇಕು. ಮನೆಯಲ್ಲಿ ಸಹಿ ಮಾಡಿ ಗುಮಾಸ್ತರ ಕೈಯಲ್ಲಿ ಕಳಿಸುವ ಪದ್ಧತಿ ಮುಂದೆ ಇಡೀ ದಾಖಲೆಯನ್ನೇ ದುರ್ಬಲ ಮಾಡುತ್ತದೆ.

## ಫೀಸು, ಖರ್ಚು, ರಸೀದಿ

ಫೀಸು ಇಷ್ಟೇ ಅಂತ ಸರ್ಕಾರ ನಿಗದಿ ಮಾಡಿಲ್ವಾ?

ನಿಮ್ಮ ಮತ್ತು ವಕೀಲರ ನಡುವಿನ ಫೀಸು ಒಪ್ಪಂದದ ವಿಷಯ. ಡಿಕ್ರಿಯಲ್ಲಿ (ದಾವೆಯ ತೀರ್ಮಾನ ಬರೆದ ಕೋರ್ಟಿನ ಆದೇಶ) ‘ವಕೀಲರ ಫೀಸು’ ಎಂದು ಕಾಣುವ ಚಿಕ್ಕ ಮೊತ್ತ ಸೋತವರು ಗೆದ್ದವರಿಗೆ ಕೊಡಬೇಕಾದ ಖರ್ಚಿನ ಲೆಕ್ಕ, ಅದೇ ಬೇರೆ. ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಒಟ್ಟು ಫೀಸೋ, ವಾಯಿದೆಗೆ (ಕೇಸು ಕರೆಯುವ ಪ್ರತಿ ದಿನಕ್ಕೆ) ಇಷ್ಟೆಂದೋ, ಕೆಳಗಿನ ಕೋರ್ಟಿಗೆ ಮಾತ್ರವೋ, ಮೇಲ್ಮನವಿಯೂ ಸೇರಿದೆಯೋ, ಟೈಪಿಂಗ್, ನಕಲು, ಕೋರ್ಟು ನೇಮಿಸುವ ಕಮಿಷನರ್ ಖರ್ಚು ಯಾರದು.

ಕೊಟ್ಟ ಪ್ರತಿ ಹಣಕ್ಕೂ ರಸೀದಿ ಕೇಳಿ. ಕಕ್ಷಿದಾರರಿಂದ ಬಂದ ಹಣದ ಲೆಕ್ಕ ಇಡಬೇಕು, ಯಾವುದು ಫೀಸು, ಯಾವುದು ಖರ್ಚು ಎಂದು ಬೇರೆ ಬೇರೆ ತೋರಿಸಬೇಕು ಎನ್ನುತ್ತವೆ ನಿಯಮ 25, 26. ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು ಎನ್ನುತ್ತದೆ ನಿಯಮ 30. ಯುಪಿಐನಲ್ಲಿ ಕಳಿಸುವಾಗ ಟಿಪ್ಪಣಿ ಜಾಗದಲ್ಲಿ ‘ಕೋರ್ಟ್ ಫೀ’, ‘ಎರಡನೇ ಕಂತು’ ಎಂದು ಬರೆದರೆ ಅದೂ ಒಂದು ದಾಖಲೆ.

ಪಾಲಿನ ಕೇಸಿಗೆ ಕೋರ್ಟ್ ಫೀಯೇ ಸಾವಿರಗಟ್ಟಲೆ ಅಂತಾರೆ. ಹೌದಾ?

ಕೆಲವೊಮ್ಮೆ ಹೌದು, ಬಹಳಷ್ಟು ಸಲ ಅಲ್ಲ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಕಲಮು ಎರಡು ಸಂದರ್ಭಗಳನ್ನು ಬೇರೆ ಮಾಡುತ್ತದೆ. ನೀವೂ ಜಂಟಿ ಸ್ವಾಧೀನದಲ್ಲಿದ್ದು ಪಾಲು ಕೇಳುವುದಾದರೆ ನಿಗದಿತ ಶುಲ್ಕ, ಅದು ಹೆಚ್ಚೆಂದರೆ 200 ರೂಪಾಯಿ. ನಿಮ್ಮನ್ನು ಸ್ವಾಧೀನದಿಂದ ಹೊರಗಿಟ್ಟಿದ್ದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ, ಕಾಫಿ ತೋಟಕ್ಕೆ ಅದು ದೊಡ್ಡ ಮೊತ್ತವೇ ಆಗಬಹುದು. ‘ಯಾವ ಉಪಕಲಮಿನಡಿ ಲೆಕ್ಕ ಹಾಕಿದ್ದೀರಿ?’ ಎಂದು ಕೇಳಿ. ದಾವೆಯ ಕೊನೆಯಲ್ಲಿ ಮೌಲ್ಯಮಾಪನದ ಪ್ಯಾರಾ ಇರುತ್ತದೆ, ಅಲ್ಲಿ ಬರೆದ ಮೊತ್ತವೂ ನಿಮ್ಮಿಂದ ಪಡೆದ ಮೊತ್ತವೂ ಒಂದೇ ಇರಬೇಕು.

ಗೆದ್ದರೆ ಪರಿಹಾರದಲ್ಲಿ ನೂರಕ್ಕೆ ಇಪ್ಪತ್ತು ಕೊಡಿ, ಸೋತರೆ ಏನೂ ಬೇಡ ಅಂದ್ರು. ಒಳ್ಳೇದಲ್ವಾ?

ಕೇಳಲು ಒಳ್ಳೆಯದು, ಕಾನೂನಿಗೆ ವಿರುದ್ಧ. ಕೇಸಿನ ಫಲಿತಾಂಶಕ್ಕೆ ಫೀಸನ್ನು ಗಂಟು ಹಾಕುವುದನ್ನು, ಬಂದ ಲಾಭದಲ್ಲಿ ಪಾಲು ಪಡೆಯುವುದನ್ನು ನಿಯಮ 20 ನಿಷೇಧಿಸಿದೆ. ಮೋಟಾರು ಅಪಘಾತ ಪರಿಹಾರದ ಕೇಸಿನಲ್ಲಿ ಹೀಗೆ ಪರ್ಸೆಂಟೇಜ್ ಲೆಕ್ಕದಲ್ಲಿ ಫೀಸು ಕೇಳಿ, ಚೆಕ್ ಪಡೆದು, ಅದು ಬೌನ್ಸ್ ಆದಾಗ ವಕೀಲರು ಹೂಡಿದ ಕೇಸನ್ನೇ ಸುಪ್ರೀಂ ಕೋರ್ಟು 2017ರಲ್ಲಿ, ಬಿ. ಸುನೀತಾ ಪ್ರಕರಣದಲ್ಲಿ, ರದ್ದು ಮಾಡಿತು.

ವಕೀಲರೇ ಕೇಸಿನಲ್ಲಿ ಪಾಲುದಾರರಾದರೆ ಯಾವಾಗ ರಾಜಿ, ಯಾವಾಗ ಹೋರಾಟ ಎಂಬ ಸಲಹೆ ನಿಮ್ಮ ಅಗತ್ಯದಿಂದ ಹೊರಡುವುದಿಲ್ಲ. ಸಂಪಾಜೆ ಘಾಟಿಯಲ್ಲಿ ಅಪಘಾತಕ್ಕೆ ಸಿಕ್ಕು ಆಸ್ಪತ್ರೆಯಲ್ಲಿ ಮಲಗಿದವರ ಹಾಸಿಗೆ ಪಕ್ಕಕ್ಕೇ ಇಂಥ ಕರಾರು ಪತ್ರ ಬಂದರೆ ಸಹಿ ಹಾಕಬೇಡಿ.

ಪರಿಹಾರದ ಹಣ ವಕೀಲರ ಖಾತೆಗೇ ಬರಲಿ ಅಂತಾರೆ.

ಬೇಡ. ಅದು ನಿಮ್ಮ ಬ್ಯಾಂಕ್ ಖಾತೆಗೇ ನೇರವಾಗಿ ಬರಬೇಕು. ಸಹಿ ಮಾಡಿದ ಖಾಲಿ ಚೆಕ್, ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಕೈಗೂ ಕೊಡಬೇಡಿ. ಯಾವುದೋ ಕಾರಣಕ್ಕೆ ವಕೀಲರ ಕೈಗೆ ನಿಮ್ಮ ಹಣ ಬಂದರೆ ಆ ಸಂಗತಿಯನ್ನು ತಡಮಾಡದೆ ನಿಮಗೆ ತಿಳಿಸಬೇಕು (ನಿಯಮ 27). ಅದನ್ನು ತಾವು ಪಡೆದ ಸಾಲ ಎಂದು ಪರಿವರ್ತಿಸಿಕೊಳ್ಳುವಂತಿಲ್ಲ (ನಿಯಮ 31). ಕೇಸು ನಡೆಸಲು ಕಕ್ಷಿದಾರರಿಗೆ ವಕೀಲರು ಸಾಲ ಕೊಡುವುದೂ ನಿಷಿದ್ಧ (ನಿಯಮ 32).

‘ಸಾಹೇಬರಿಗೆ ಸ್ವಲ್ಪ ಕೊಡ್ಬೇಕು’ ಅಂತ ಹಣ ಕೇಳಿದ್ರೆ?

ಕೊಡಬೇಡಿ. ನ್ಯಾಯಾಧೀಶರ ಹೆಸರಿನಲ್ಲಿ ಕೇಳಿದ ಹಣ ಅವರಿಗೆ ಗೊತ್ತೇ ಇಲ್ಲದೆ ಕೇಳಿದವರ ಜೇಬು ಸೇರಬಹುದು. ಎಲ್ಲಿಗೆ ಹೋದರೂ ಅದು ಅಪರಾಧ. ನಡೆಯುತ್ತಿರುವ ಕೇಸಿನ ಬಗ್ಗೆ ನ್ಯಾಯಾಧೀಶರ ಜೊತೆ ಖಾಸಗಿಯಾಗಿ ಮಾತಾಡುವುದನ್ನೇ ನಿಯಮ 3 ನಿಷೇಧಿಸಿದೆ. ಸರ್ಕಾರಿ ಅಧಿಕಾರದ ಮೇಲೆ ಪ್ರಭಾವ ಬೀರಲು ಹಣ ಪಡೆದವರಿಗೆ ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಕಲಮಿನಡಿ 3ರಿಂದ 7 ವರ್ಷ ಜೈಲು. ಲಂಚ ಕೊಡುವುದೂ 8ನೇ ಕಲಮಿನಡಿ ಅಪರಾಧವೇ. ಒತ್ತಾಯಕ್ಕೆ ಸಿಕ್ಕಿ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ಅದೇ ಕಲಮು ರಕ್ಷಣೆ ಕೊಡುತ್ತದೆ. ಕರ್ನಾಟಕದಲ್ಲಿ ಈ ದೂರುಗಳನ್ನು ಲೋಕಾಯುಕ್ತ ಪೊಲೀಸರು ನೋಡುತ್ತಾರೆ.

## ಕೇಸು ನಡೆಯುತ್ತಿರುವಾಗ

ವಕೀಲರು ಫೋನೇ ತೆಗೆಯಲ್ಲ. ಕೇಸು ಯಾವ ಹಂತದಲ್ಲಿದೆ ಗೊತ್ತಾಗ್ತಿಲ್ಲ.

ಮೊದಲು ನೀವೇ ತಿಳಿದುಕೊಳ್ಳಬಹುದು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಹಿಂದಿನ ವಾಯಿದೆಯಲ್ಲಿ ಏನಾಯಿತು, ಮುಂದಿನದು ಯಾವತ್ತು ಎಂದು ಕಾಣುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಇಲ್ಲದ ಊರುಗಳವರು ಸಂಖ್ಯೆಯನ್ನು ಪಟ್ಟಣದಲ್ಲಿರುವ ಮಗನಿಗೋ ಮಗಳಿಗೋ ಕೊಟ್ಟಿರಿ.

ಉತ್ತರವೇ ಬಾರದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ: ಕೇಸಿನ ಸಂಖ್ಯೆ, ಕೇಳುತ್ತಿರುವ ಮಾಹಿತಿ, ಇಂತಿಷ್ಟು ದಿನದೊಳಗೆ ಉತ್ತರ ಬೇಕು ಎಂದು. ರಸೀದಿ ಜೋಪಾನ. ಒಂದು ಮಾತು ವಕೀಲರ ಪರವಾಗಿಯೂ ಹೇಳಬೇಕು. ಬೆಳಿಗ್ಗೆ 11ರಿಂದ ಸಂಜೆಯವರೆಗೆ ಕೋರ್ಟು ಹಾಲಿನಲ್ಲಿ ಫೋನು ತೆಗೆಯಲಾಗದು. ಸಂಜೆ ಯಾವ ಹೊತ್ತು ಸಿಗುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ವಕೀಲರು ಹಾಜರಾಗಲಿಲ್ಲ, ಕೇಸು ವಜಾ ಆಯ್ತು. ಎಲ್ಲ ಮುಗೀತಾ?

ಇಲ್ಲ, ಆದರೆ ದಿನ ಎಣಿಸಬೇಕು. ವಾದಿಯ ಗೈರುಹಾಜರಿಯಿಂದ ವಜಾ ಆದ ದಾವೆಯನ್ನು ಮರುಸ್ಥಾಪಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 9ನೇ ನಿಯಮದಡಿ 30 ದಿನದೊಳಗೆ ಅರ್ಜಿ. ನೀವು ಪ್ರತಿವಾದಿಯಾಗಿದ್ದು ನಿಮ್ಮ ಗೈರಿನಲ್ಲಿ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅದೇ ಆದೇಶದ 13ನೇ ನಿಯಮ, ಅದಕ್ಕೂ 30 ದಿನ. ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ ಡಿಕ್ರಿ ತಿಳಿದ ದಿನದಿಂದ ಎಣಿಕೆ. ತಡವಾಗಿದ್ದರೆ ಲಿಮಿಟೇಷನ್ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಾ ಕೋರಿ ಇನ್ನೊಂದು ಅರ್ಜಿ ಜೊತೆಗಿರಬೇಕು.

ವಕೀಲರ ತಪ್ಪಿಗೆ ಕಕ್ಷಿದಾರರು ಬಲಿಯಾಗಬಾರದು ಎಂದು ಸುಪ್ರೀಂ ಕೋರ್ಟು 1981ರಲ್ಲಿ, ರಫೀಕ್ ಮತ್ತು ಮುನ್ಶಿಲಾಲ್ ನಡುವಿನ ಪ್ರಕರಣದಲ್ಲಿ, ಹೇಳಿದೆ. ಆದರೆ ‘ವಕೀಲರೇ ಬರಲಿಲ್ಲ’ ಎಂಬ ಒಂದೇ ಸಾಲಿನ ಅಫಿಡವಿಟ್ ನಿಲ್ಲುವುದು ಕಷ್ಟ. ಯಾವ ತಾರೀಖು ಫೋನು ಮಾಡಿದಿರಿ, ಏನು ಉತ್ತರ ಬಂತು, ವಜಾ ಆದದ್ದು ಯಾವತ್ತು ಹೇಗೆ ತಿಳಿಯಿತು ಎಂದು ವಿವರವಾಗಿ ಬರೆಯಿರಿ. ಅರ್ಜಿಯನ್ನು ಬೇರೆ ವಕೀಲರ ಮೂಲಕ ಹಾಕಿದರೆ ಹಳೆಯ ವಕೀಲರ ಲೋಪವನ್ನು ಇದ್ದ ಹಾಗೆ ಹೇಳಲು ಸಾಧ್ಯವಾಗುತ್ತದೆ.

ವಕೀಲರನ್ನು ಬದಲಾಯಿಸಬೇಕು. ಎನ್‌ಒಸಿ ಕೊಡ್ತಿಲ್ಲ, ಬಾಕಿ ಫೀಸು ಕೊಟ್ಟರೆ ಮಾತ್ರ ಫೈಲು ಅಂತಾರೆ.

ಇದು ಎರಡು ಪ್ರಶ್ನೆ. ಮೊದಲು ಎನ್‌ಒಸಿ. ಹಳೆಯ ವಕೀಲರ ಒಪ್ಪಿಗೆಯಿಲ್ಲದೆ ಹೊಸಬರು ವಕಾಲತ್ತು ಹಾಕಬಾರದು ಎಂಬುದು ನಿಯಮ 39ರ ಶಿಷ್ಟಾಚಾರ. ಒಪ್ಪಿಗೆ ಸಿಗದಿದ್ದರೆ ಏನು ಮಾಡಬೇಕೆಂದೂ ಅದೇ ನಿಯಮ ಹೇಳುತ್ತದೆ: ಏಕೆ ಸಿಗಲಿಲ್ಲ ಎಂದು ಕೋರ್ಟಿಗೆ ಅರ್ಜಿ ಕೊಟ್ಟು, ಅನುಮತಿ ಪಡೆದು ಹೊಸ ವಕೀಲರು ಹಾಜರಾಗಬಹುದು. ಹಳೆಯ ವಕಾಲತ್ತನ್ನು ಕೊನೆಗೊಳಿಸಲು ನೀವು ಸಹಿ ಮಾಡಿದ ಬರಹವನ್ನು ಕೋರ್ಟಿನ ಅನುಮತಿಯೊಂದಿಗೆ ಸಲ್ಲಿಸಬೇಕು. ಬರೀ ಫೋನಿನಲ್ಲಿ ‘ಇನ್ನು ಬೇಡ’ ಎಂದರೆ ದಾಖಲೆಯಲ್ಲಿ ಅವರೇ ನಿಮ್ಮ ವಕೀಲರಾಗಿ ಮುಂದುವರಿಯುತ್ತಾರೆ.

ಇನ್ನು ಫೈಲು. ಬಾಕಿ ಫೀಸಿಗಾಗಿ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲಿ ಇದನ್ನು ಸ್ಪಷ್ಟಪಡಿಸಿ, ಫೈಲು ಕೊಡದಿರುವುದು ವೃತ್ತಿ ದುರ್ನಡತೆ ಎಂದಿತು. ನ್ಯಾಯವಾದ ಬಾಕಿ ಇದ್ದರೆ ಅದನ್ನು ಕೇಳಲು ಅವರಿಗೆ ಬೇರೆ ಕಾನೂನು ದಾರಿ ಇದೆ, ನಿಮಗೂ ಅದನ್ನು ತೀರಿಸುವ ಕರ್ತವ್ಯವಿದೆ. ಫೈಲು ಕೇಳುವಾಗ ಪಟ್ಟಿ ಮಾಡಿ: ಮೂಲ ಕ್ರಯಪತ್ರ, ಪಹಣಿ, ಸರ್ವೆ ನಕ್ಷೆ, ವಂಶವೃಕ್ಷ, ಆದೇಶಗಳ ನಕಲು. ಮೂಲ ದಾಖಲೆಗಳನ್ನು ಮೊದಲಿಂದಲೂ ಮನೆಯಲ್ಲೇ ಇಟ್ಟು, ಕೋರ್ಟಿನಲ್ಲಿ ಗುರುತು ಮಾಡಿಸುವ ದಿನ ಮಾತ್ರ ಒಯ್ಯುವುದು ಕ್ಷೇಮ.

ನನ್ನನ್ನು ಕೇಳದೆ ರಾಜಿ ಮಾಡಿಬಿಟ್ಟರು.

ದಾವೆಯ ರಾಜಿ ಬರವಣಿಗೆಯಲ್ಲಿದ್ದು ಪಕ್ಷಕಾರರ ಸಹಿ ಇರಬೇಕು. ಸ್ಪಷ್ಟ ಸೂಚನೆ ಇಲ್ಲದೆ ಕಕ್ಷಿದಾರರ ಹಕ್ಕು ಬಿಟ್ಟುಕೊಡುವ ಹೇಳಿಕೆಯನ್ನು ವಕೀಲರು ಕೊಡುವಂತಿಲ್ಲ ಎಂದು 2015ರ ಹಿಮಾಲಯನ್ ಸಹಕಾರಿ ವಸತಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ರಾಜಿ ಡಿಕ್ರಿಯನ್ನು ಪ್ರಶ್ನಿಸಲು ಹೊಸ ದಾವೆ ಹೂಡಲಾಗದು, ಅದೇ ಕೋರ್ಟಿನ ಮುಂದೆ ಹೋಗಬೇಕು. ಲೋಕ ಅದಾಲತ್ತಿನಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ. ಷರತ್ತುಗಳನ್ನು ಕನ್ನಡದಲ್ಲಿ ಪೂರ್ತಿ ಕೇಳಿದ ಮೇಲೆಯೇ ಸಹಿ ಹಾಕಿ.

ವಕೀಲರಿಗೆ ಹೇಳಿದ್ದು ಊರಿಗೆಲ್ಲ ಗೊತ್ತಾದ್ರೆ?

ಕೊಡಗಿನಂಥ ಜಿಲ್ಲೆಯಲ್ಲಿ ಇದು ನಿಜವಾದ ಭಯ. ನೀವು ವಕೀಲರಿಗೆ ವೃತ್ತಿ ಸಂಬಂಧದಲ್ಲಿ ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಇದನ್ನು ಹೇಳುತ್ತದೆ. ಕೇಸು ಮುಗಿದ ಮೇಲೂ ಇದು ಅನ್ವಯ. ವಕೀಲರ ಗುಮಾಸ್ತರು, ನೌಕರರು, ದುಭಾಷಿಗಳೂ ಇದಕ್ಕೆ ಒಳಪಡುತ್ತಾರೆ. ಮುಂದೆ ಮಾಡಲಿರುವ ಅಪರಾಧಕ್ಕೋ ಮೋಸಕ್ಕೋ ಸಲಹೆ ಕೇಳಿದರೆ ಮಾತ್ರ ಈ ರಕ್ಷಣೆ ಇಲ್ಲ. ಕಕ್ಷಿದಾರರ ಕಾಗದಗಳನ್ನು ವಾಟ್ಸಾಪ್ ಗುಂಪಿಗೆ ಹಾಕುವ ವಕೀಲರು ಈ ನಂಬಿಕೆಯನ್ನು ಮುರಿಯುತ್ತಿದ್ದಾರೆ. ನಮ್ಮ ಮನಸ್ಸಿಗೆ ಇದು ಹಣದ ತಪ್ಪಿಗಿಂತ ದೊಡ್ಡದು. ಹಣವನ್ನಾದರೂ ವಾಪಸು ಕೊಡಬಹುದು.

ಎರಡೂ ಕಡೆ ವಕೀಲರು ಒಟ್ಟಿಗೆ ಕೂತು ಕಾಫಿ ಕುಡಿತಾರೆ. ಅನುಮಾನ ಬರಲ್ವಾ?

ಬರಬೇಕಿಲ್ಲ. ಎದುರುಬದುರು ವಾದ ಮಾಡುವವರು ಹೊರಗೆ ಸ್ನೇಹದಿಂದಿರುವುದು ವೃತ್ತಿಯ ಒಳ್ಳೆಯ ಗುಣ. ಎದುರುದಾರರನ್ನು ಅವರ ವಕೀಲರಿಲ್ಲದೆ ನಿಮ್ಮ ವಕೀಲರು ನೇರವಾಗಿ ಭೇಟಿಯಾಗಿ ಕೇಸಿನ ಮಾತಾಡಿದರೆ ಮಾತ್ರ ಅದು ನಿಯಮ 34ಕ್ಕೆ ವಿರುದ್ಧ.

ವಕೀಲರು ಕಲಾಪ ಬಹಿಷ್ಕರಿಸಿದ ದಿನ ನನ್ನ ಸಾಕ್ಷಿ ಇತ್ತು.

ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದು 2002ರ ಡಿಸೆಂಬರಿನಲ್ಲಿ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ವಕಾಲತ್ತು ಹಾಕಿದವರು ಹಾಜರಾಗಲೇಬೇಕು. ನೀವು ಸಾಕ್ಷಿಯನ್ನು ಕರೆದುಕೊಂಡು ಕೋರ್ಟಿಗೆ ಹೋಗಿ, ಹಾಜರಿದ್ದುದು ದಾಖಲಾಗುವಂತೆ ನೋಡಿಕೊಳ್ಳಿ.

## ಒಕ್ಕ, ಜಮೀನು, ಎರಡು ದೋಣಿಯ ಕಾಲು

ಒಕ್ಕದ ಜಮೀನಿನ ಕೇಸು. ಎಲ್ಲರಿಗೂ ಒಬ್ಬರೇ ವಕೀಲರು ಸಾಕಲ್ವಾ?

ಒಕ್ಕ ಎಂದರೆ ಒಂದೇ ಮೂಲದ ಕೊಡವ ಮನೆತನ. ಹೊರಗಿನವರ ವಿರುದ್ಧದ ಕೇಸಾದರೆ ಸಾಕಾಗಬಹುದು. ಒಕ್ಕದ ಒಳಗೇ ಪಾಲಿನ ಮಾತು ಎದ್ದರೆ ಸಾಲದು.

ಜಮ್ಮಾ ಜಮೀನಿನ (ಕೊಡಗಿನಲ್ಲಿ ತಲೆಮಾರುಗಳಿಂದ ಬಂದ ವಂಶಪಾರಂಪರ್ಯ ಹಿಡುವಳಿ) ದಾಖಲೆ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹೆಸರಿನಲ್ಲಿ ಇದ್ದುಕೊಂಡು ಬಂದದ್ದು, ಹಕ್ಕು ಒಕ್ಕದ ಹಲವು ಕವಲುಗಳದ್ದು. ಪಟ್ಟೆದಾರರು ಬಂದು ‘ಒಕ್ಕದ ಪರ ವಕಾಲತ್ತು ಹಾಕಿ’ ಎಂದಾಗ ವಕೀಲರು ಕೇಳಲೇಬೇಕಾದ ಪ್ರಶ್ನೆ: ನನ್ನ ಕಕ್ಷಿದಾರರು ಯಾರು? ಪಟ್ಟೆದಾರರೊಬ್ಬರೇನಾ, ಎಲ್ಲ ಹಕ್ಕುದಾರರೇನಾ? ಕಕ್ಷಿದಾರರು ಅಥವಾ ಅವರು ಅಧಿಕಾರ ಕೊಟ್ಟವರಲ್ಲದೆ ಬೇರೆಯವರ ಸೂಚನೆಯಂತೆ ನಡೆಯುವಂತಿಲ್ಲ ಎಂಬುದು ನಿಯಮ 19. ಹಾಗಾಗಿ ಪ್ರತಿ ಕವಲಿನಿಂದಲೂ ಸಹಿ ಬೇಕು. ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವವರಿಂದ ಅಧಿಕಾರಪತ್ರ ಬೇಕು. ವಿದೇಶದಲ್ಲಿ ಬರೆದ ಅಧಿಕಾರಪತ್ರಕ್ಕೆ ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ದೃಢೀಕರಣ ಮಾಡಿಸಿ, ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಿ.

ಕೆಡುವುದು ಹೀಗೆ. ಬಾಣೆ ಜಾಗದ (ಗದ್ದೆಗೆ ಸೇರಿದಂತೆ ಕೊಟ್ಟ ಮರಗಾಡಿನ ಜಾಗ) ಬಗ್ಗೆ ಕಂದಾಯ ಇಲಾಖೆ ವಿರುದ್ಧ ಎಲ್ಲರೂ ಒಟ್ಟಾಗಿ ಒಬ್ಬ ವಕೀಲರನ್ನು ಇಡುತ್ತಾರೆ. ಯಾರ ಸ್ವಾಧೀನ ಎಲ್ಲಿಯವರೆಗೆ, ಯಾರು ಮರ ಕಡಿದರು, ಯಾರು ಸಾಲಕ್ಕೆ ಸಹಿ ಹಾಕಿದರು ಎಂದು ಎಲ್ಲವನ್ನೂ ಬಿಚ್ಚಿ ಹೇಳುತ್ತಾರೆ. ನಾಲ್ಕು ವರ್ಷದ ನಂತರ ಎರಡು ಕವಲುಗಳ ನಡುವೆ ಪಾಲಿನ ದಾವೆ. ಅದೇ ವಕೀಲರು ಒಂದು ಕವಲಿನ ಪರ ನಿಂತರೆ ಇನ್ನೊಂದು ಕವಲಿನ ಗುಟ್ಟೆಲ್ಲ ಅವರ ಕೈಯಲ್ಲೇ ಇರುತ್ತದೆ. ಒಮ್ಮೆ ಸಲಹೆ ಕೊಟ್ಟವರ ಅಥವಾ ಪರವಾಗಿ ನಿಂತವರ ವಿರುದ್ಧ ಅದೇ ವಿಷಯದಲ್ಲಿ ನಿಲ್ಲಬಾರದು ಎನ್ನುವ ನಿಯಮ 33 ಇರುವುದು ಇದಕ್ಕಾಗಿ. ಸರಿಯಾದ ದಾರಿ ಎರಡೂ ಕವಲನ್ನು ಬಿಡುವುದು. ಫೀಸು ಹೋಗುತ್ತದೆ, ಮುನಿಸೂ ಬರುತ್ತದೆ, ಆದರೂ ಅದೇ ಸರಿ.

ವಕೀಲರು ನಮ್ಮ ಒಕ್ಕದವರೇ. ಅವರಿಗೆ ಕೊಟ್ಟರೆ ಆಗಲ್ವಾ?

ಆ ಜಮೀನಿನಲ್ಲಿ ಅವರಿಗೂ ಪಾಲಿದ್ದರೆ ಆಗದು. ತಮಗೇ ಹಣಕಾಸಿನ ಹಿತ ಇರುವ ಕೇಸನ್ನು ನಡೆಸಬಾರದು ಎನ್ನುತ್ತದೆ ನಿಯಮ 9. ಅವರು ಪಕ್ಷಕಾರರಾಗಿ ಇರಲಿ, ವಕಾಲತ್ತು ಬೇರೆಯವರದಿರಲಿ. ಪಾಲಿಲ್ಲದ ದೂರದ ನೆಂಟರಾದರೆ ಅಡ್ಡಿಯಿಲ್ಲ, ಆದರೆ ಎದುರುದಾರರ ಜೊತೆಗಿರುವ ನಂಟನ್ನು ಮೊದಲೇ ನಿಮಗೆ ತಿಳಿಸಬೇಕು (ನಿಯಮ 14).

ಅಜ್ಜನ ವಿಲ್ ಬರೆದು ಸಾಕ್ಷಿ ಹಾಕಿದ ವಕೀಲರೇ ಈಗ ವಿಲ್ ಕೇಸು ನಡೆಸ್ತಿದ್ದಾರೆ.

ವಿಲ್ಲಿಗೆ ಇಬ್ಬರು ಸಾಕ್ಷಿಗಳು ಬೇಕು. ವಿವಾದವಾದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕಟಕಟೆಗೆ ಕರೆಯಬೇಕು. ಸಾಕ್ಷಿಯಾಗಬೇಕಾದ ಕೇಸನ್ನು ವಕೀಲರು ಒಪ್ಪಿಕೊಳ್ಳಬಾರದು (ನಿಯಮ 13). ವಿಲ್ ಬರೆಸುವಾಗ ವಕೀಲರನ್ನು ಸಾಕ್ಷಿ ಮಾಡುವ ಬದಲು ವಯಸ್ಸಿನಲ್ಲಿ ಕಿರಿಯರಾದ, ಊರಲ್ಲೇ ಇರುವ, ಆಸ್ತಿಯಲ್ಲಿ ಹಿತವಿಲ್ಲದ ಇಬ್ಬರನ್ನು ಕರೆಯಿರಿ.

ವ್ಯಾಜ್ಯದ ತೋಟವನ್ನು ವಕೀಲರೇ ಕೊಂಡುಕೊಳ್ತೇನೆ ಅಂತಾರೆ. ಒಳ್ಳೆ ಬೆಲೆ.

ಮಾರಬೇಡಿ. ಕಕ್ಷಿದಾರರಿಂದ ವ್ಯಾಜ್ಯದ ಆಸ್ತಿಯನ್ನು ಕೊಂಡ ವಕೀಲರನ್ನು ಒಂದು ವರ್ಷ ವೃತ್ತಿಯಿಂದ ಅಮಾನತು ಮಾಡಿದ್ದನ್ನು ಸುಪ್ರೀಂ ಕೋರ್ಟು 1997ರ ಪಿ.ಡಿ. ಗುಪ್ತಾ ಪ್ರಕರಣದಲ್ಲಿ ಎತ್ತಿಹಿಡಿದಿದೆ. ತಾವು ನಡೆಸಿದ ಕೇಸಿನ ಡಿಕ್ರಿ ಜಾರಿಯ ಹರಾಜಿನಲ್ಲಿ ಕೂಗುವುದನ್ನೂ ನಿಯಮ 22 ತಡೆಯುತ್ತದೆ.

## ದೂರು ಕೊಡಬೇಕಾದಾಗ

ದೂರು ಎಲ್ಲಿ, ಹೇಗೆ ಕೊಡುವುದು?

ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, ವಕೀಲರ ಕಾಯ್ದೆಯ 35ನೇ ಕಲಮಿನಡಿ. ದೂರು ಅರ್ಜಿಯ ರೂಪದಲ್ಲಿದ್ದು, ದಾವೆಯಂತೆಯೇ ಸತ್ಯಾಪನೆ ಮಾಡಿ (ಬರೆದದ್ದು ನಿಜ ಎಂದು ದೃಢೀಕರಿಸಿ) ಸಹಿ ಹಾಕಿರಬೇಕು. ಶುಲ್ಕ ಮತ್ತು ಪ್ರತಿಗಳ ಸಂಖ್ಯೆಯನ್ನು ಕಚೇರಿಯಲ್ಲೇ ಕೇಳಿ. ವಕೀಲರ ನೋಂದಣಿ ಸಂಖ್ಯೆ, ಕೇಸಿನ ಸಂಖ್ಯೆ, ತಾರೀಖಿನ ಕ್ರಮದಲ್ಲಿ ಘಟನೆಗಳು, ರಸೀದಿ, ಪತ್ರ, ಆದೇಶಗಳ ನಕಲು ಜೊತೆಗಿರಲಿ. ದೂರು ಬಿದ್ದುಹೋಗುವುದು ಬೈಗುಳ ತುಂಬಿ ಆಧಾರ ಇಲ್ಲದಿದ್ದಾಗ. ‘ಕೇಸು ಸೋತೆವು’ ಎನ್ನುವುದೊಂದೇ ದುರ್ನಡತೆಯಾಗದು. ತಪ್ಪು ತೀರ್ಮಾನ ಬೇರೆ, ಅಪ್ರಾಮಾಣಿಕತೆ ಬೇರೆ.

ಪರಿಷತ್ತು ವಿಷಯವನ್ನು ಮೂವರ ಶಿಸ್ತು ಸಮಿತಿಗೆ ಒಪ್ಪಿಸಿದರೆ ವಿಚಾರಣೆ ನಡೆಯುತ್ತದೆ. ದೂರು ವಜಾ, ಛೀಮಾರಿ, ಅಮಾನತು, ಸನ್ನದು ರದ್ದು, ಈ ನಾಲ್ಕರಲ್ಲಿ ಒಂದು ಆದೇಶ ಬರುತ್ತದೆ. ಒಂದು ವರ್ಷದೊಳಗೆ ಮುಗಿಯದಿದ್ದರೆ 36ಬಿ ಕಲಮಿನಂತೆ ಅದು ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ವರ್ಗವಾಗುತ್ತದೆ. ಆದೇಶದ ಮೇಲೆ ಅದೇ ಕೌನ್ಸಿಲ್‌ಗೆ 60 ದಿನದೊಳಗೆ ಮೇಲ್ಮನವಿ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಮತ್ತೆ 60 ದಿನ.

ದೂರು ವಾಪಸು ತಗೊಳ್ಳಿ, ಹಣ ಕೊಡ್ತೇನೆ ಅಂತಾರೆ.

ಹಣ ನಿಮ್ಮದಾಗಿದ್ದರೆ ರಸೀದಿ ಕೊಟ್ಟು ಪಡೆಯಿರಿ. ಆದರೆ ರಾಜಿಯಾಯಿತು, ದೂರುದಾರರು ಹಿಂದೆ ಸರಿದರು ಎಂಬ ಕಾರಣಕ್ಕೆ ಮಾತ್ರ ದೂರನ್ನು ಕೈಬಿಡುವಂತಿಲ್ಲ. ಶಿಸ್ತು ವಿಚಾರಣೆ ಮುಂದಿನ ಕಕ್ಷಿದಾರರ ರಕ್ಷಣೆಗೂ ಹೌದು.

ಗ್ರಾಹಕರ ಕೋರ್ಟಿಗೆ ಹೋಗಬಹುದಾ?

ಸುಪ್ರೀಂ ಕೋರ್ಟಿನ 2024ರ ಮೇ 14ರ ಡಿ.ಕೆ. ಗಾಂಧಿ ತೀರ್ಪಿನ ನಂತರ ಇಲ್ಲ. ನಿರ್ಲಕ್ಷ್ಯದಿಂದ ನಷ್ಟವಾಗಿದ್ದರೆ ಸಿವಿಲ್ ದಾವೆ ಹೂಡಬಹುದು. ವಕೀಲರೆಂಬ ಕಾರಣಕ್ಕೆ ಯಾರಿಗೂ ವಿನಾಯಿತಿ ಇಲ್ಲ ಎಂದು 1926ರ ವಕೀಲರ ಫೀಸು ಕಾಯ್ದೆಯ 5ನೇ ಕಲಮು ಹೇಳುತ್ತದೆ. ಹಣ ನುಂಗಿದ್ದರೆ, ಸಹಿ ನಕಲು ಮಾಡಿದ್ದರೆ ಪೊಲೀಸ್ ದೂರು ಬೇರೆ.

## ಹೊಸದಾಗಿ ಸನ್ನದು ಪಡೆದವರು ಕೇಳುವುದು

‘ಜಮ್ಮಾ ಜಮೀನು ತಜ್ಞ’ ಅಂತ ಬೋರ್ಡು ಹಾಕಬಹುದಾ? ಇನ್‌ಸ್ಟಾಗ್ರಾಂ?

ಎರಡೂ ಬೇಡ. ಬೋರ್ಡು ಸಾಧಾರಣ ಅಳತೆಯದಿರಬೇಕು. ಯಾವುದೋ ಬಗೆಯ ಕೆಲಸದಲ್ಲಿ ಪರಿಣತರೆಂದು, ಸಂಘದ ಪದಾಧಿಕಾರಿ ಎಂದು ಬರೆಯುವಂತಿಲ್ಲ (ನಿಯಮ 36). 2008ರ ತಿದ್ದುಪಡಿಯಂತೆ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ವೃತ್ತಿ ಕ್ಷೇತ್ರಗಳಿರುವ ಜಾಲತಾಣಕ್ಕೆ ಅವಕಾಶವಿದೆ. ಕಾನೂನು ತಿಳಿವಳಿಕೆಯ ಬರಹ ಒಳ್ಳೆಯದು. ಗೆದ್ದ ಕೇಸಿನ ಫೋಟೋ ಹಾಕಿ ಕರೆ ಮಾಡಿ ಎನ್ನುವುದು ಜಾಹೀರಾತು.

ಹೋಂಸ್ಟೇ ನಡೆಸಿಕೊಂಡು ವಕೀಲಿ ಮಾಡಬಹುದಾ?

ತಾವೇ ನಿಂತು ವ್ಯಾಪಾರ ನಡೆಸಬಾರದು ಎಂಬುದು ನಿಯಮ 47. ಬುಕಿಂಗ್, ಬಿಲ್ಲು, ಅತಿಥಿಗಳ ಉಸ್ತುವಾರಿ ನೋಡುವುದು ವ್ಯಾಪಾರ ನಡೆಸಿದಂತೆಯೇ. ತಂದೆಯಿಂದ ಬಂದ ಕುಟುಂಬದ ವ್ಯಾಪಾರದಲ್ಲಿ ಪಾಲು ಉಳಿಸಿಕೊಳ್ಳಬಹುದು, ಆಡಳಿತದಲ್ಲಿ ಕೈ ಹಾಕುವಂತಿಲ್ಲ (ನಿಯಮ 50). ಪೂರ್ಣಾವಧಿ ಸಂಬಳದ ಕೆಲಸ ಹಿಡಿದರೆ ಪರಿಷತ್ತಿಗೆ ತಿಳಿಸಿ ವೃತ್ತಿ ನಿಲ್ಲಿಸಬೇಕು (ನಿಯಮ 49).

ತಪ್ಪು ಮಾಡಿದ್ದು ನಾನೇ ಅಂತ ಆರೋಪಿ ನನ್ನ ಹತ್ತಿರ ಒಪ್ಪಿಕೊಂಡ. ಈಗ ಸುಳ್ಳು ಸಾಕ್ಷಿ ಹಾಕಿಸಿ ಅಂತಾನೆ.

ಅವನ ಪರ ನಿಲ್ಲುವುದು ತಪ್ಪಲ್ಲ. ತಪ್ಪಿತಸ್ಥನೋ ಅಲ್ಲವೋ ಎಂಬ ಸ್ವಂತ ಅಭಿಪ್ರಾಯ ಬದಿಗಿಟ್ಟು ಆರೋಪಿಯನ್ನು ಸಮರ್ಥಿಸಬೇಕು ಎಂದು ನಿಯಮ 15 ಹೇಳುತ್ತದೆ. ಪ್ರಾಸಿಕ್ಯೂಷನ್ ತನ್ನ ಆರೋಪವನ್ನು ಸಾಬೀತು ಮಾಡಲಿ ಎಂದು ಒತ್ತಾಯಿಸಿ, ಅವರ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಿ, ಪಂಚನಾಮೆಯಲ್ಲಿನ ಲೋಪ ತೋರಿಸಿ, ಶಿಕ್ಷೆ ಕಡಿಮೆ ಮಾಡಲು ವಾದಿಸಿ. ಅವನು ಬೇರೆ ಊರಿನಲ್ಲಿದ್ದ ಎಂದು ಹೇಳುವ ಸುಳ್ಳು ಸಾಕ್ಷಿಯನ್ನು ಕರೆಯಬೇಡಿ, ಆ ಅಪರಾಧವನ್ನು ಇನ್ಯಾರೋ ಮಾಡಿದರೆಂದು ಬೆರಳು ತೋರಿಸಬೇಡಿ. ಅಡ್ಡದಾರಿ ಹಿಡಿಯದಂತೆ ಕಕ್ಷಿದಾರನನ್ನು ತಡೆಯಬೇಕು, ಕೇಳದೆ ಹಠ ಹಿಡಿದರೆ ಅವನ ಪರ ನಿಲ್ಲಲು ನಿರಾಕರಿಸಬೇಕು ಎನ್ನುತ್ತದೆ ನಿಯಮ 4. ಬಿಡುವಾಗ ನಿಯಮ 12ರಂತೆ ಸಾಕಷ್ಟು ಮುಂಚೆ ನೋಟಿಸು ಕೊಡಿ, ಕೆಲಸ ಮಾಡದ ಭಾಗದ ಫೀಸು ಹಿಂತಿರುಗಿಸಿ, ಫೈಲು ಒಪ್ಪಿಸಿ. ಕೋರ್ಟಿಗೆ ಕೊಡುವ ಮೆಮೋದಲ್ಲಿ ‘ವೃತ್ತಿ ಕಾರಣಗಳಿಂದ ನಿವೃತ್ತಿ’ ಎಂದಷ್ಟೇ ಬರೆಯಿರಿ. ಅವನು ಒಪ್ಪಿಕೊಂಡ ಮಾತು ನಿಮ್ಮ ಬಾಯಿಂದ ಆಗಲೂ ಹೊರಬೀಳಬಾರದು.